‘ಟಿಕ್’ ಎಂದ ಮೇಲೂ ಒಮ್ಮೆ ಎಳೆಯುವವರು

ಬೀದಿ ದೀಪಗಳು ಇನ್ನೂ ಆರಿಲ್ಲ. ಗ್ಯಾರೇಜುಗಳ ಉದ್ದನೆಯ ಸಾಲಿನಲ್ಲಿ ಒಂದೇ ಒಂದು ಶಟರ್ ಸೊಂಟದವರೆಗೆ ಮೇಲೆದ್ದಿದೆ. ಬಗ್ಗಿ ಒಳಗೆ ಹೋದರೆ, ನೆಲಕ್ಕೆ ಹೊಟ್ಟೆ ತಾಗಿಸಿ ಮಲಗಿದಂತಿರುವ ಹಳದಿ ಕಾರು. ಅದರ ಪಕ್ಕದಲ್ಲಿ, ಬೋರಲು ಹಾಕಿದ ಪೇಂಟ್ ಡಬ್ಬದ ಮೇಲೆ ಅರವತ್ತರ ಆಸುಪಾಸಿನವರೊಬ್ಬರು ಮಂಡಿಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದಾರೆ. ನೋಡಿದವರಿಗೆ ಕೆಲಸಕ್ಕೆ ಕೈ ಹಚ್ಚಿಲ್ಲವೆಂದೇ ಅನ್ನಿಸಬೇಕು. ಆದರೆ ಕೆಲಸ ಶುರುವಾಗಿ ಆಗಲೇ ಸ್ವಲ್ಪ ಹೊತ್ತಾಗಿದೆ.

“ಬ್ಯಾಟರಿ ತಂತಿ ಬಿಚ್ಚಿದೀನಿ. ಆದ್ರೂ ಏರ್‌ಬ್ಯಾಗಿನ ಹೊಟ್ಟೇಲಿ ಒಂದಿಷ್ಟು ಕರೆಂಟು ಉಳ್ಕೊಂಡಿರುತ್ತೆ. ಅದು ಇಳೀಬೇಕು. ಸಿಟ್ಟು ಬಂದೋರನ್ನ ತಕ್ಷಣ ಮಾತಾಡಿಸಬಾರದು ನೋಡಿ, ಹಾಗೆ. ಕಾಲು ಗಂಟೆ ಸುಮ್ನೆ ಬಿಟ್ಟುಬಿಡಬೇಕು,” ಎನ್ನುತ್ತಾರೆ ಅವರು.

“ಆ ಬುದ್ಧಿ ಎಲ್ಲಾ ಕಾರಿಗೆ ಮಾತ್ರ,” ಎಂದು ಹಿಂದಿನ ಕೋಣೆಯಿಂದ ಹೆಂಡತಿಯ ದನಿ ತೇಲಿ ಬರುತ್ತದೆ. “ಮನೇಲಿ ಸಿಟ್ಟು ಬಂದೋರ ಮೂಗಿನ ಹತ್ತಿರಾನೇ ಹೋಗಿ ನಿಲ್ತಾರೆ.”

ಅವರ ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲ. ಆ ಮಾತು ಅವರಿಗೆ ಕೇಳಿಸಿಯೇ ಇಲ್ಲ.

ಈ ಸಾಲಿನವರೆಲ್ಲ ಅವರನ್ನು ಚಿಕ್ಕಪ್ಪ ಎನ್ನುತ್ತಾರೆ. ಗ್ಯಾರೇಜು ಅವರ ಅಣ್ಣನ ಮಗನದು. ಅವನು ಕರೆದದ್ದನ್ನೇ ಕೇಳಿಸಿಕೊಂಡು ಪಕ್ಕದ ಟಯರಿನವರು, ಎದುರಿನ ಟಿಂಕರಿಂಗ್ ಶೆಡ್ಡಿನವರು, ಕೊನೆಗೆ ಗಿರಾಕಿಗಳೂ ಅದನ್ನೇ ಹಿಡಿದುಕೊಂಡಿದ್ದಾರೆ. ಹಿಂದಿನ ಕೋಣೆಯಲ್ಲಿ ಸ್ಟೀರಿಂಗುಗಳಿಗೆ ಚರ್ಮ ಹೊಲಿಯುವ ಹೆಂಡತಿ ಹೀಗಾಗಿ ಎಲ್ಲರಿಗೂ ಚಿಕ್ಕಮ್ಮ. ವೇಗದ ಕಾರುಗಳಿಗೆ ಕಂಪನಿ ಕೊಟ್ಟ ಸ್ಟೀರಿಂಗನ್ನು ಬಿಚ್ಚಿ ಬೇರೆಯದನ್ನು ಕೂರಿಸುವುದು ಚಿಕ್ಕಪ್ಪನ ಕೆಲಸ. ವಾರಕ್ಕೆ ಮೂರೋ ನಾಲ್ಕೋ ಬರುತ್ತವೆ. ಪಂದ್ಯದ ಅಂಗಳದಲ್ಲಿ ಕಾರು ಓಡಿಸುವವರು ಎಂಜಿನ್ನಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಚಕ್ರಗಳ ಬಗ್ಗೆ ಮಾತಾಡುತ್ತಾರೆ. ಸ್ಟೀರಿಂಗ್ ಕೂರಿಸಿದವರು ಯಾರು ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

ಕಿವಿ ಹೋದದ್ದು ಎದುರಿನ ಶೆಡ್ಡಿನಿಂದ. ಹರೆಯದಲ್ಲಿ ಅಲ್ಲಿ ತಗಡು ಬಡಿಯುತ್ತಿದ್ದಾಗ ಕಿವಿಗೆ ಹತ್ತಿ ಇಟ್ಟುಕೊಂಡವರನ್ನು ಉಳಿದವರು ಹೆಣ್ಣಿಗ ಎಂದು ರೇಗಿಸುತ್ತಿದ್ದರಂತೆ. ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಗೆ ಹತ್ತಿರ ಬಂದು, ಮುಖ ಕಾಣುವ ಹಾಗೆ ಮಾತಾಡಿದರೆ ತಿಳಿಯುತ್ತದೆ. ಕಿವಿಯ ಯಂತ್ರವೂ ಇದೆ, ಅಂಗಿಯ ಜೇಬಿನಲ್ಲಿ. “ಹಾಕ್ಕೊಂಡ್ರೆ ಸುತ್ತಿಗೆ ಸದ್ದೂ ದೊಡ್ಡದಾಗುತ್ತೆ, ಇವಳ ಸದ್ದೂ ದೊಡ್ಡದಾಗುತ್ತೆ,” ಎಂದು ಚಿಕ್ಕಪ್ಪ ಕಣ್ಣು ಮಿಟುಕಿಸುತ್ತಾರೆ.

ಸಾಲಿನ ಸದ್ದು ಶುರುವಾಗುವ ಮುನ್ನವೇ ಬರುವ ಅಭ್ಯಾಸ ಬಂದದ್ದೂ ಕಿವಿಗಾಗಿಯೇ. ಕೇಳಿಸುವುದು ಕಡಿಮೆಯಾಗತೊಡಗಿದಾಗ, ನಿಶ್ಶಬ್ದದಲ್ಲಾದರೂ ನಾಲ್ಕು ಸದ್ದು ಸಿಗಲಿ ಎಂದು ಬೆಳಕು ಹರಿಯುವ ಮೊದಲೇ ಬರತೊಡಗಿದರು. ಈಗ ನಿಶ್ಶಬ್ದದಲ್ಲೂ ಸಿಗುವುದಿಲ್ಲ. ಅಭ್ಯಾಸ ಮಾತ್ರ ಉಳಿದಿದೆ, ಜೊತೆಗೆ ಚಿಕ್ಕಮ್ಮನೂ. ಅವರಿಗೆ ಕೇಳಿಸದ್ದನ್ನು ಕೇಳಿ ಹೇಳುವುದು ಆಕೆಯ ಎರಡನೆಯ ಕೆಲಸ. ಅದಕ್ಕೆ ಸಂಬಳವಿಲ್ಲ ಎಂದು ದಿನಕ್ಕೊಮ್ಮೆಯಾದರೂ ನೆನಪಿಸುತ್ತಾರೆ.

ಇಂದಿನ ಹಳದಿ ಕಾರು ಚಿಕ್ಕಪ್ಪನ ಕೊನೆಯ ಸ್ಟೀರಿಂಗ್ ಆಗುವ ಹಾಗಿದೆ. ಹಾಗೆಂದು ಅಣ್ಣನ ಮಗ ಹೇಳಿಯಾಗಿದೆ. ಹೋದ ತಿಂಗಳು ಒಂದು ಕಾರು ವಾಪಸ್ ಬಂದಿತ್ತು. ತಿರುಗಿಸಿದಾಗಲೆಲ್ಲ ಹೊಸ ಸ್ಟೀರಿಂಗಿನ ಬುಡ ಹಿಂದಿನ ಪ್ಲಾಸ್ಟಿಕ್ ಕವಚಕ್ಕೆ ಉಜ್ಜಿ ಕಿರುಗುಡುತ್ತಿತ್ತು. ಚಿಕ್ಕಮ್ಮ ಅಂದು ಜ್ವರದಿಂದ ಮನೆಯಲ್ಲಿದ್ದರು. ಚಿಕ್ಕಪ್ಪನಿಗೆ ಆ ಸದ್ದು ಕೇಳಿಸಿರಲಿಲ್ಲ.

“ನನಗೆ ಚಿಕ್ಕಪ್ಪನ ಮೇಲೆ ಅಪನಂಬಿಕೆ ಇಲ್ಲ, ಭಯ ಇದೆ,” ಎನ್ನುತ್ತಾನೆ ಅಣ್ಣನ ಮಗ. ಒಂಬತ್ತಕ್ಕೆ ಮುಂಚೆ ಹಾಸಿಗೆ ಬಿಡದವನು ಇಂದು ಕಣ್ಣುಜ್ಜಿಕೊಂಡು ಬೇಗನೆ ಬಂದಿದ್ದಾನೆ. “ಸೀಟು ಸ್ವಲ್ಪ ಅಲ್ಲಾಡಿದ್ರೆ ಬೈತಾರೆ, ಅಷ್ಟೇ. ಸ್ಟೀರಿಂಗ್ ಕೈಗೆ ಬಂದ್ರೆ ಬೈಯೋಕೆ ಯಾರೂ ಇರಲ್ಲ. ಇದೊಂದು ಮುಗೀಲಿ. ಆಮೇಲೆ ಅವರು ಸೀಟ್ ಕವರ್ ಕಡೆ ನೋಡ್ಕೊಳ್ಳಲಿ.”

ಚಿಕ್ಕಪ್ಪ ಇದಕ್ಕೆ ಎದುರಾಡಿಲ್ಲ. “ಅವನು ಹೇಳೋದ್ರಲ್ಲಿ ತಪ್ಪೇನಿದೆ? ಅವನ ಬೋರ್ಡು, ಅವನ ಹೆಸರು,” ಎಂದಷ್ಟೇ ಹೇಳಿ, ಡಬ್ಬದಿಂದ ಎದ್ದು, ಕೈ ಒರೆಸಿಕೊಳ್ಳುತ್ತಾರೆ. ಕಾಲು ಗಂಟೆ ಕಳೆದಿದೆ.

ಏರ್‌ಬ್ಯಾಗಿನ ಗಟ್ಟಿ ಪೆಟ್ಟಿಗೆ ಸ್ಟೀರಿಂಗಿನ ನಡುವಿನಿಂದ ಬಿಡಿಸಿಕೊಂಡು ಬರುತ್ತದೆ. ಅದನ್ನು ಮೈಯಿಂದ ದೂರ ಹಿಡಿದು, ಅದರ ಮುಖ ತನ್ನ ಕಡೆ ಬಾರದಂತೆ ನಡೆದು, ಮೂಲೆಯ ಕಪಾಟಿನಲ್ಲಿ ಮುಖ ಮೇಲೆ ಮಾಡಿ ಮಲಗಿಸುತ್ತಾರೆ. ಮುಖ ಕೆಳಗಾಗಿಟ್ಟು ಅದೇನಾದರೂ ಸಿಡಿದರೆ ಪೆಟ್ಟಿಗೆ ಚಾವಣಿಗೆ ಹಾರುತ್ತದೆ. ಮುಂದಿನ ಚಕ್ರಗಳು ನೇರವಾಗಿವೆಯೇ ಎಂದು ಬಗ್ಗಿ ನೋಡಿ ಬರುತ್ತಾರೆ. ಸ್ಟೀರಿಂಗಿನ ಹಿಂದೆ ತಂತಿಯ ಪಟ್ಟಿಯೊಂದು ಸುರುಳಿಯಾಗಿ ಸುತ್ತಿಕೊಂಡಿರುತ್ತದೆ; ಅದು ತಿರುಗದ ಹಾಗೆ ಟೇಪು ಅಂಟಿಸುತ್ತಾರೆ. ಆಮೇಲೆ ನಡುವಿನ ದೊಡ್ಡ ನಟ್ಟನ್ನು ಸಡಿಲಿಸುತ್ತಾರೆ. ಪೂರ್ತಿ ಬಿಚ್ಚುವುದಿಲ್ಲ.

“ಮೂರು ನಾಲ್ಕು ಸುತ್ತು ಉಳಿಸಿರಬೇಕು. ಈಗ ನೋಡಿ.” ಎರಡೂ ಕೈಯಲ್ಲಿ ಹಿಡಿದು, ಮಡಿಲಿಗೆ ಬಾರದೆ ಹಟ ಮಾಡುವ ಮಗುವನ್ನು ಎಳೆಯುವಂತೆ ಎಡಕ್ಕಿಷ್ಟು ಬಲಕ್ಕಿಷ್ಟು ಜಗ್ಗುತ್ತಾರೆ. ಸ್ಟೀರಿಂಗು ಧಡಕ್ಕನೆ ಕಿತ್ತುಕೊಂಡು ಮುಂದೆ ಜಿಗಿದು, ನಟ್ಟಿಗೆ ಬಡಿದು ನಿಲ್ಲುತ್ತದೆ. “ನಟ್ಟು ಇಲ್ದಿದ್ರೆ ಇಲ್ಲಿಗೆ ಬರ್ತಿತ್ತು,” ಎಂದು ಮೂಗು ಮುಟ್ಟಿ ತೋರಿಸುತ್ತಾರೆ. ಮೂಗು ಸೊಟ್ಟಗಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲೇ ಕಲಿತ ಪಾಠವದು.

ಕಾರಿನ ಒಡತಿ ಬರುವ ಹೊತ್ತಿಗೆ ಬೆಳಕು ಹರಿದಿದೆ. ಆಕೆ ಹಲ್ಲಿನ ಡಾಕ್ಟರು. ವಾರವೆಲ್ಲ ಬೇರೆಯವರ ಬಾಯಿ ನೋಡಿ, ಭಾನುವಾರ ಪಂದ್ಯದ ಅಂಗಳದಲ್ಲಿ ಕಾರು ಓಡಿಸುತ್ತಾರೆ. ಕುಳ್ಳಗಿನ ಮೈಕಟ್ಟು, ಮಾತು ಕಾರಿಗಿಂತ ಬಿರುಸು.

“ಆಯ್ತಾ ಚಿಕ್ಕಪ್ಪ? ಲಾರಿ ಒಂಬತ್ತಕ್ಕೆ ಬರುತ್ತೆ. ಇಷ್ಟು ಹತ್ತಿರಕ್ಕೆ ಲಾರಿ ಯಾಕೆ, ನಾನೇ ಓಡಿಸ್ಕೊಂಡು ಹೋಗಲಾ?”

ತುಟಿ ನೋಡಿಯೇ ಚಿಕ್ಕಪ್ಪನಿಗೆ ಅರ್ಥವಾಗುತ್ತದೆ. “ಬೇಡಮ್ಮ. ಅಂಗಳದಲ್ಲಿ ನಿಮಗೆ ಐದು ಪಟ್ಟಿ ಬೆಲ್ಟಿದೆ, ತಲೆಗೆ ಹೆಲ್ಮೆಟ್ ಇದೆ, ಎದುರಿಂದ ಬಸ್ಸು ಬರಲ್ಲ. ರಸ್ತೇಲಿ ಇದ್ಯಾವುದೂ ಇಲ್ಲ, ಈಗ ಏರ್‌ಬ್ಯಾಗೂ ಇಲ್ಲ. ಈ ಸ್ಟೀರಿಂಗ್ ಹಾಕಿದ ಮೇಲೆ ಗಾಡಿ ಲಾರಿ ಮೇಲೇ ಹೋಗಬೇಕು, ಲಾರಿ ಮೇಲೇ ಬರಬೇಕು.”

“ನಮ್ಮಮ್ಮಾನೂ ಇಷ್ಟು ಹೇಳಲ್ಲ.”

“ಅವರಿಗೆ ಇದೆಲ್ಲ ಗೊತ್ತಿದ್ರೆ ನಿಮಗೆ ಈ ಕಾರೇ ಕೊಡಿಸ್ತಿರ್ಲಿಲ್ಲ,” ಎನ್ನುತ್ತಾರೆ ಚಿಕ್ಕಮ್ಮ, ಹೊಸ ಸ್ಟೀರಿಂಗನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಬರುತ್ತ. ನಿನ್ನೆ ಸಂಜೆಯಷ್ಟೇ ಅದಕ್ಕೆ ಕಪ್ಪು ಚರ್ಮ ಹೊದಿಸಿ, ಕಾರಿನ ಬಣ್ಣಕ್ಕೆ ಹೊಂದುವ ಹಳದಿ ದಾರದಲ್ಲಿ ಹೊಲಿದಿದ್ದಾರೆ.

ಕೆಲವು ಕಡೆ ಏರ್‌ಬ್ಯಾಗ್ ತೆಗೆದ ಮೇಲೆ ಉರಿಯುವ ಕೆಂಪು ದೀಪವನ್ನೂ ಏನೋ ಒಂದು ಸಿಕ್ಕಿಸಿ ಆರಿಸಿಬಿಡುತ್ತಾರೆ. ಚಿಕ್ಕಪ್ಪ ಅದನ್ನು ಮಾಡುವುದಿಲ್ಲ. “ದೀಪ ಸುಳ್ಳು ಹೇಳ್ತಿಲ್ಲವಲ್ಲ. ಅದರ ಬಾಯಿ ಯಾಕೆ ಮುಚ್ಚಿಸಬೇಕು?”

ಡಾಕ್ಟರನ್ನು ಸೀಟಿನಲ್ಲಿ ಬೆನ್ನು ಒರಗಿಸಿ ಕೂರಿಸಿ, ಕೈ ಚಾಚಲು ಹೇಳುತ್ತಾರೆ. ಭುಜ ಸೀಟು ಬಿಡಬಾರದು, ಮಣಿಕಟ್ಟು ಸ್ಟೀರಿಂಗಿನ ನೆತ್ತಿಯ ಮೇಲೆ ಕೂರಬೇಕು. ಅಷ್ಟು ಅಂತರ ಬರುವ ಹಾಗೆ ಕಂಬಿಗೂ ಸ್ಟೀರಿಂಗಿಗೂ ನಡುವೆ ಕೂರುವ ತುಂಡನ್ನು ಆರಿಸುತ್ತಾರೆ. ಸಣ್ಣ ಸ್ಟೀರಿಂಗು ಮೀಟರನ್ನು ಮರೆ ಮಾಡುವುದಿಲ್ಲವೇ ಎಂದು, ಆಕೆ ಇಳಿದ ಮೇಲೆ ತಾವೇ ಸೀಟಿನಲ್ಲಿ ಕೂತು ಆಕೆಯ ಎತ್ತರಕ್ಕೆ ಬಗ್ಗಿ ನೋಡುತ್ತಾರೆ. ಕಂಬಿಯ ಹಲ್ಲಿಗೆ ಹಲ್ಲು ಕೂಡಿಸಿ, ಬಿಗಿತ ಅಳೆಯುವ ಸ್ಪ್ಯಾನರಿನಿಂದ ನಟ್ಟು ಬಿಗಿಯುತ್ತಾರೆ. ಆರು ತಿರುಪುಗಳನ್ನು ಒಂದರ ಎದುರಿಗೊಂದರಂತೆ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬರುತ್ತಾರೆ.

ಉಳಿದದ್ದು ಕ್ವಿಕ್ ರಿಲೀಸ್ ಎಂಬ ಕೊಂಡಿ. ಇಕ್ಕಟ್ಟಾದ ಸೀಟಿಗೆ ಹತ್ತಿ ಇಳಿಯಲು, ಅಪಘಾತವಾದರೆ ಚಾಲಕರನ್ನು ಬೇಗ ಹೊರಗೆಳೆಯಲು ಸ್ಟೀರಿಂಗನ್ನೇ ತೆಗೆದಿಡುವ ಏರ್ಪಾಡು ಇದು. ಬಳೆಯಂಥ ಉಂಗುರವನ್ನು ಹಿಂದಕ್ಕೆಳೆದರೆ ಸ್ಟೀರಿಂಗ್ ಕೈಗೆ ಬರುತ್ತದೆ. ವಾಪಸ್ ಒತ್ತಿದರೆ ಉಂಗುರ ಮುಂದಕ್ಕೆ ಜಿಗಿದು ‘ಟಿಕ್’ ಎನ್ನುತ್ತದೆ. ಆ ಸದ್ದೇ ಎಲ್ಲರಿಗೂ ಖಾತರಿ.

ಚಿಕ್ಕಪ್ಪ ಒತ್ತುತ್ತಾರೆ. ಟಿಕ್.

“ಕೂತ್ಕೊಳ್ತು ರೀ,” ಎಂದು ಚಿಕ್ಕಮ್ಮ ಅವರ ಎಡಗಿವಿಯ ಬಳಿ ಬಗ್ಗಿ ಹೇಳುತ್ತಾರೆ.

ಚಿಕ್ಕಪ್ಪ ತಲೆಯಾಡಿಸಿ, ಎರಡೂ ಕೈಯಿಂದ ಅದನ್ನು ಹಿಡಿದು ತನ್ನತ್ತ ಒಮ್ಮೆ ಬಲವಾಗಿ ಎಳೆಯುತ್ತಾರೆ.

ಸ್ಟೀರಿಂಗ್ ಕೈಗೆ ಬಂದುಬಿಡುತ್ತದೆ.

ಕಾರಿನಲ್ಲಿ ಕೂತಿರುವ ಮನುಷ್ಯನ ಕೈಯಲ್ಲಿ, ಯಾವುದಕ್ಕೂ ಸೇರದ ಸ್ಟೀರಿಂಗ್.

“ಚಿಕ್ಕಮ್ಮ, ನಿಮಗೆ ಟಿಕ್ ಅಂತ ಕೇಳಿಸ್ತಲ್ವಾ?” ಅಣ್ಣನ ಮಗನ ದನಿ ಇಳಿದಿದೆ.

“ಕೇಳಿಸ್ತಪ್ಪ.”

“ನನಗೂ ಕೇಳಿಸ್ತು.”

“ನನಗೂ,” ಎನ್ನುತ್ತಾರೆ ಡಾಕ್ಟರು. ಬೆಳಗಿನಿಂದ ಅವರಾಡಿದ ಅತಿ ಚಿಕ್ಕ ಮಾತು ಅದು.

ಚಿಕ್ಕಪ್ಪ ಕೊಂಡಿಯನ್ನು ಬೆಳಕಿಗೆ ಹಿಡಿದು, ಒಳಗಿನ ಸಂದಿಗೆ ಸೂಜಿ ಹಾಕಿ ಏನನ್ನೋ ಮೀಟುತ್ತಾರೆ. ಹೊರಬಂದದ್ದು ಮೇಣ ಸವರಿದ ದಾರದ ಚೂರು, ಅಕ್ಕಿಕಾಳಿನಷ್ಟೂ ಉದ್ದವಿಲ್ಲ. ಬಣ್ಣ ಹಳದಿ. ಉಂಗುರ ಅದಕ್ಕೆ ತಡೆದು ಅರ್ಧ ದಾರಿಯಲ್ಲೇ ನಿಂತು, ಅಲ್ಲಿಂದಲೇ ಸದ್ದು ಮಾಡಿದೆ.

ಚಿಕ್ಕಮ್ಮ ಆ ಚೂರನ್ನು ಅಂಗೈಗೆ ಹಾಕಿಕೊಂಡು ನೋಡುತ್ತಾರೆ. ನಿನ್ನೆ ಹೊಲಿಗೆ ಮುಗಿಸಿ ಕತ್ತರಿಸಿದ ತುದಿ. ಮುಖದ ಬಣ್ಣ ಹೋಗಿದೆ. ಆಮೇಲೆ ಹೇಳುತ್ತಾರೆ: “ಮದುವೆ ಆದಾಗಿಂದ ನನ್ನ ಒಂದು ಮಾತೂ ನಂಬಿದೋರಲ್ಲ ಇವರು. ಇವತ್ತು ಒಂದು ದಿನ ಅದರಿಂದ ಒಳ್ಳೇದಾಯ್ತು ನೋಡಿ.”

ಎಲ್ಲರೂ ನಗುತ್ತಾರೆ. ಏನೆಂದು ಕೇಳಿಸದ ಚಿಕ್ಕಪ್ಪನೂ ಎಲ್ಲರ ಮುಖ ನೋಡಿ ನಗುತ್ತಾರೆ.

ಎಳೆದು ನೋಡುವುದನ್ನು ಯಾರು ಕಲಿಸಿದ್ದು ಎಂದರೆ ಅವರಿಗೆ ಸ್ವಲ್ಪ ಸಂಕೋಚ. “ಯಾರೂ ಕಲಿಸಿಲ್ಲ. ಕಿವಿ ಮಂದ ಆಗ್ತಾ ಬಂತು. ಟಿಕ್ ಅಂತೋ ಇಲ್ವೋ ಗೊತ್ತಾಗ್ತಿರ್ಲಿಲ್ಲ. ಕೇಳಿಸ್ತು ಅಂತ ಸುಳ್ಳು ಹೇಳೋಕೂ ನಾಚಿಕೆ, ಕೇಳಿಸ್ಲಿಲ್ಲ ಅನ್ನೋಕೂ ನಾಚಿಕೆ. ಸುಮ್ನೆ ಎಳೆದು ನೋಡ್ತಿದ್ದೆ. ಆಮೇಲೆ ಇವಳು ಪಕ್ಕದಲ್ಲಿ ನಿಂತು ಹೇಳೋಕೆ ಶುರು ಮಾಡಿದ್ಳು, ಆದ್ರೂ ಕೈ ಬಿಡಲಿಲ್ಲ.”

ಕೊಂಡಿಯನ್ನು ಒರೆಸಿ, ಊದಿ, ಮತ್ತೆ ಕೂರಿಸುತ್ತಾರೆ. ಎಳೆಯುತ್ತಾರೆ. ಅಲ್ಲಾಡುವುದಿಲ್ಲ. ಈಗ ಡಾಕ್ಟರಿಗೂ ಎಳೆಯಲು ಹೇಳುತ್ತಾರೆ. “ಪ್ರತಿ ಸಲ ಹತ್ತಿದಾಗಲೂ ಎಳೀಬೇಕು. ನಿಮಗೆ ಎಳೆಯೋದು ನಾನು ಹೇಳಿಕೊಡಬೇಕಾ?”

“ನಾನು ಎಳೆದ್ರೆ ಬರಲೇಬೇಕು ಚಿಕ್ಕಪ್ಪ, ಅಭ್ಯಾಸ,” ಎನ್ನುತ್ತಾ ಡಾಕ್ಟರು ಕಾಲೂರಿ ಎಳೆಯುತ್ತಾರೆ. ಬರುವುದಿಲ್ಲ. “ಗಟ್ಟಿ ಬೇರು,” ಎನ್ನುತ್ತಾರೆ.

ಏರ್‌ಬ್ಯಾಗಿನ ತಂತಿಯ ಬಾಯಿಗೆ ಟೇಪು ಸುತ್ತಿ, ಬ್ಯಾಟರಿಯ ತಂತಿಯನ್ನು ಮತ್ತೆ ಕೂಡಿಸಿದ ಮೇಲೆ ಉಳಿದದ್ದು ಹಿತ್ತಲಿನ ಅಂಗಳದಲ್ಲಿ ನಿಧಾನವಾಗಿ ಸುತ್ತು ಹಾಕುವುದು. ಪಕ್ಕದ ಸೀಟು ಚಿಕ್ಕಮ್ಮನದು. ಸದ್ದು ಕೇಳಬೇಕಾದವರು ಅವರೇ. ಆಕೆ ಸೆರಗು ಸಿಕ್ಕಿಸಿಕೊಳ್ಳುವಷ್ಟರಲ್ಲಿ ಅಣ್ಣನ ಮಗ ಬಂದು ಬಾಗಿಲು ಹಿಡಿಯುತ್ತಾನೆ.

“ನೀವಿರಿ ಚಿಕ್ಕಮ್ಮ, ನಾನು ಕೂರ್ತೀನಿ.”

ಗಾಜು ಏರಿಸಿಕೊಂಡು ಕಾರು ಅಂಗಳದಲ್ಲಿ ತೆವಳುತ್ತದೆ. ಎರಡನೆಯ ಸುತ್ತಿನಲ್ಲಿ ಅವನು ಕೈಯೆತ್ತುತ್ತಾನೆ. ಚಿಕ್ಕಪ್ಪನ ಎಡಗಿವಿಗೆ ಬಾಯಿ ಹತ್ತಿರ ತಂದು, “ಎಡಕ್ಕೆ ತಿರುಗಿಸಿದಾಗ ಕಿರ್ ಅಂತಿದೆ, ಸಣ್ಣಗೆ,” ಎನ್ನುತ್ತಾನೆ. ಚಿಕ್ಕಪ್ಪ ಬೆರಳ ತುದಿಯನ್ನು ಪ್ಲಾಸ್ಟಿಕ್ ಕವಚದ ಮೇಲಿಟ್ಟು, ಕಣ್ಣು ಮುಚ್ಚಿ, ಇನ್ನೊಂದು ಕೈಯಿಂದ ಸ್ಟೀರಿಂಗನ್ನು ಮೆಲ್ಲಗೆ ತಿರುಗಿಸುತ್ತಾರೆ. ಬೆರಳು ಸರಿಯುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ. “ಇಲ್ಲಿ?” “ಹೂಂ, ಅಲ್ಲೇ.” ಎರಡು ತಿರುಪು ಸಡಿಲಿಸಿ ಕವಚವನ್ನು ಕೂದಲೆಳೆಯಷ್ಟು ಹಿಂದೆ ಸರಿಸುತ್ತಾರೆ. ಮತ್ತೊಂದು ಸುತ್ತು. ಕಿವಿಗೊಟ್ಟು ಕೂತ ಹುಡುಗ ಇಲ್ಲ ಎಂಬಂತೆ ತಲೆಯಾಡಿಸುತ್ತಾನೆ.

ಕಾರಿನಿಂದಿಳಿದು ಅವನು ಬಾಗಿಲು ಮುಚ್ಚುತ್ತಾನೆ. ಸೀಟ್ ಕವರಿನ ಮಾತು ಎತ್ತುವುದಿಲ್ಲ. “ನಾಳೆ ಯಾವುದಿದೆ, ಆ ನೀಲಿ ಗಾಡೀನಾ? ಬರೋವಾಗ ನನ್ನನ್ನೂ ಎಬ್ಬಿಸಿ ಚಿಕ್ಕಪ್ಪ. ನೀವು ಎಳೀರಿ, ನಾನು ಕೇಳ್ತೀನಿ.”

“ನಿನ್ನನ್ನ ಎಬ್ಬಿಸೋದೋ, ಗಾಡಿ ಕೆಲಸ ಮಾಡೋದೋ?”

“ಅವನನ್ನೂ ಎಳೀರಿ,” ಎಂದು ಒಳಗಿನಿಂದ ಚಿಕ್ಕಮ್ಮ. ಆಕೆ ಈಗಾಗಲೇ ಹೊಲಿಗೆಯ ಮೇಜಿನ ಕೆಳಗೆ ಹಳೆಯ ಬೆಡ್‌ಶೀಟೊಂದನ್ನು ಹಾಸಿ, ಕತ್ತರಿಸಿದ ದಾರವೆಲ್ಲ ಅದರ ಮೇಲೇ ಬೀಳುವ ಹಾಗೆ ಮಾಡುತ್ತಿದ್ದಾರೆ.

ಒಂಬತ್ತಕ್ಕೆ ಲಾರಿ ಬರುತ್ತದೆ. ಸಾಲಿನಲ್ಲಿ ಶಟರುಗಳು ಒಂದೊಂದಾಗಿ ಏಳುತ್ತಿವೆ, ಎದುರಿನ ಶೆಡ್ಡಿನಲ್ಲಿ ಸುತ್ತಿಗೆ ಮಾತಾಡತೊಡಗಿದೆ. ಭಾನುವಾರ ಪಂದ್ಯ ನೋಡಲು ಬನ್ನಿ ಎಂದು ಡಾಕ್ಟರು ಕರೆಯುತ್ತಾರೆ. ಇಷ್ಟು ವರ್ಷಗಳಲ್ಲಿ ಚಿಕ್ಕಪ್ಪ ಒಮ್ಮೆಯೂ ಹೋದವರಲ್ಲ.

“ಬಂದ್ರೆ ನಾನು ಪಂದ್ಯ ಎಲ್ಲಿ ನೋಡ್ತೀನಮ್ಮ, ನಿಮ್ಮ ಕೈ ನೋಡ್ತಾ ಕೂತಿರ್ತೀನಿ. ನೀವು ಓಡಿಸೋವಾಗ ಸ್ಟೀರಿಂಗ್ ನೆನಪೇ ಆಗಬಾರದು. ನೆನಪಾಯ್ತು ಅಂದ್ರೆ ನನ್ನ ಕೆಲಸದಲ್ಲಿ ಏನೋ ಐಬಿದೆ ಅಂತ. ನನಗೆ ಅಷ್ಟಾದ್ರೆ ಸಾಕು.”

ಲಾರಿಯವನು ಕಾರನ್ನು ಮೇಲೇರಿಸಿ, ಚಕ್ರಗಳಿಗೆ ಪಟ್ಟಿ ಬಿಗಿದು, ಕೊಕ್ಕೆ ಸಿಕ್ಕಿಸುತ್ತಾನೆ. ಚಿಕ್ಕಪ್ಪ ಹತ್ತಿರ ಹೋಗಿ ಪಟ್ಟಿಗೆ ಕೈ ಹಾಕುತ್ತಾರೆ.

“ಭದ್ರವಾಗಿದೆ ಚಿಕ್ಕಪ್ಪ. ಟಕ್ ಅಂತು, ಕೇಳಿಸಲಿಲ್ವಾ?” ಎಂದು ಲಾರಿಯವನು ಕೂಗುತ್ತಾನೆ.

“ಅಂದಿರಬಹುದಪ್ಪ,” ಎನ್ನುತ್ತಾ ಚಿಕ್ಕಪ್ಪ ಕಾಲೂರಿ ನಿಂತು, ಪಟ್ಟಿಯನ್ನು ಒಮ್ಮೆ ಎಳೆಯುತ್ತಾರೆ.