ಗಿರಣಿ ಕಾಕಾ ಮಾತಾಡಿದ ನಾಲ್ಕು ದಿನ

ಈಚೆಗೆ ಒಂದು ದಿನ ಬಸವನ ಬಾಗೇವಾಡಿಯ ನಮ್ಮ ಓಣಿಯ ಗಿರಣಿಯಲ್ಲಿ ಜೋಳ ಬೀಸಿಸಿಕೊಂಡು ಬಂದೆ. ಡಬ್ಬಿಗೆ ಸುರಿಯುವ ಮೊದಲು ಹಿಟ್ಟು ಆರಲಿ ಎಂದು ಚೀಲದ ಬಾಯಿ ಬಿಚ್ಚಿದೆ. ಸ್ವಲ್ಪ ಸುಟ್ಟಂತೆ, ಸ್ವಲ್ಪ ಸಿಹಿಯಾಗಿ, ಬಿಸಿ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು... ಕಣ್ಣೆದುರು ಬಂದದ್ದು ಎರಡು ಬಿಳಿ ಹುಬ್ಬುಗಳು. ವಯಸ್ಸಿನಿಂದ ಬಿಳಿಯಾದವಲ್ಲ, ಹಿಟ್ಟು ಕೂತು ಬಿಳಿಯಾದವು.

ನನಗೆ ನೌಕರಿ ಸಿಕ್ಕು ಮೊದಲು ಹೋದದ್ದು ನಾಲತವಾಡದ ಪ್ರಾಥಮಿಕ ಶಾಲೆಗೆ. ಬಾಡಿಗೆಗೆ ಇದ್ದದ್ದು ಹಿಟ್ಟಿನ ಗಿರಣಿಗೆ ಹತ್ತಿಕೊಂಡಿದ್ದ ಮನೆಯ ಮುಂದಿನ ಕೋಣೆಯಲ್ಲಿ. ಮನೆಯ ಯಜಮಾನರನ್ನು ಊರೆಲ್ಲ ಗಿರಣಿ ಕಾಕಾ ಅನ್ನುತ್ತಿತ್ತು. ಅವರ ಹೆಂಡತಿ ಕಾಕು. ನಾನು ಸಾಮಾನು ಇಳಿಸಿದ ದಿನ ಮಧ್ಯಾಹ್ನ ಕಾಕು ನನ್ನ ಬಾಗಿಲಿಗೆ ಬಂದು ಹೇಳಿದರು.

"ಟೀಚರ್ರ, ಅವರಿಗಿ ಹೇಳ್ರಿ, ಊಟಕ್ಕ ಬರ್ರಿ ಅಂತ."

'ಅವರು' ನಮ್ಮಿಂದ ಎರಡು ಮಾರು ದೂರದಲ್ಲಿ, ಕಟ್ಟೆಯ ಮೇಲೆ ಕೂತಿದ್ದರು. ಕಾಕು ಹೇಳಿದ್ದು ಅವರಿಗೆ ಕೇಳಿಸಿತ್ತು. ಚೇಷ್ಟೆ ಇರಬೇಕೆಂದು ನಕ್ಕೆ. ಇಬ್ಬರೂ ನಗಲಿಲ್ಲ. ಕಾಕಾ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು. ಕೊನೆಗೆ ನಾನು, "ಕಾಕಾರ, ಊಟಕ್ಕ ಬರ್ಬೇಕಂತ್ರಿ" ಎಂದೆ. ಆಮೇಲೆಯೇ ಅವರು ಎದ್ದು ಹಿಟ್ಟು ಝಾಡಿಸಿಕೊಂಡು ಒಳಗೆ ಹೋದರು. ಆ ದಿನದಿಂದ ಆ ಮನೆಯಲ್ಲಿ ನನಗೆ ಎರಡನೆಯ ನೌಕರಿ ಸಿಕ್ಕಿತು.

ಅವರಿಬ್ಬರೂ ಮಾತು ಬಿಟ್ಟು ಆಗಲೇ ಆರು ವರ್ಷವಾಗಿತ್ತು. ಬಾಕಿ ಎಲ್ಲ ಸರಿಯಾಗಿತ್ತು. ಕಾಕು ಬಿಸಿ ರೊಟ್ಟಿ ಬಡಿಯುತ್ತಿದ್ದರು, ಕಾಕಾ ಉಣ್ಣುತ್ತಿದ್ದರು. ಕಾಕುಗೆ ನೆಗಡಿಯಾದರೆ ಕಾಕಾ ಗುಳಿಗೆ ತಂದು ಗೂಟದ ಚೀಲದಲ್ಲಿ ಇಡುತ್ತಿದ್ದರು. ಮಾತು ಮಾತ್ರ ಮೂರನೆಯವರ ಮೂಲಕ. ನಾನು ಶಾಲೆಗೆ ಹೋದಾಗ ನನ್ನ ಕೆಲಸ ಹಿತ್ತಲಿನ ಎಮ್ಮೆಗೆ ಬೀಳುತ್ತಿತ್ತು. "ನೋಡವ್ವಾ, ರೊಟ್ಟಿ ಆರಾಕತ್ತಾವು" ಎಂದು ಕಾಕು ಎಮ್ಮೆಗೆ ಹೇಳುವರು. ಎಮ್ಮೆ ಕಿವಿ ಆಡಿಸುವುದು. ಕಾಕಾ ಬಂದು ಉಣ್ಣುವರು. ಒಮ್ಮೆ ನಾನು ರಜೆಗೆ ಬಾಗೇವಾಡಿಗೆ ಬಂದಿದ್ದಾಗ ಕಾಕು ಫೋನು ಮಾಡಿ, "ಟೀಚರ್ರ, ನಾಳಿ ಮಗಳ ಬರ್ತಾಳಂತ ಅವರಿಗಿ ಹೇಳ್ರಿ" ಎಂದು ಪಕ್ಕದಲ್ಲೇ ಕೂತಿದ್ದ ಕಾಕಾನ ಕೈಗೆ ಫೋನು ಕೊಟ್ಟರು. ನಾನು ಹೇಳಿದೆ. "ಆತು ಅಂತ ಹೇಳ್ರಿ" ಎಂದು ಅವರು ಫೋನು ತಿರುಗಿ ಕೊಟ್ಟರು.

ಮಾತು ನಿಂತ ಕಾರಣವನ್ನು ಕಾಕು ಮೊದಲ ವಾರದಲ್ಲೇ ಹೇಳಿದ್ದರು. ಕಲಬುರಗಿ ಕಡೆಯ ಒಂದು ಮದುವೆ ಮುಗಿಸಿ ಬರುವಾಗ ಇಬ್ಬರೂ ಸಿಂದಗಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಕಾಕಾ ಗದ್ದಲದಲ್ಲಿ ನುಗ್ಗಿ, ಕಿಟಕಿಯ ಬದಿಗೆ ತಾವು ಕೂತು, ಪಕ್ಕದ ಸೀಟಿನ ಮೇಲೆ ಕಾಕುಗೆಂದು ಟಾವೆಲು ಹಾಸಿದರು. ಕಾಕು ನೀರು ತರಲು ಹೋದರು. ಮದುವೆಯ ಊಟ, ಮಧ್ಯಾಹ್ನದ ಬಿಸಿಲು. ಕಾಕಾಗೆ ನಿದ್ದೆ ಹತ್ತಿತು. ಬಸ್ಸು ಬಿಟ್ಟಿತು.

"ನನ್ನ ಜಾಗಾದಾಗ ಟಾವೆಲ್ ಕುಂತ ಹೋತ್ರಿ" ಎಂದರು ಕಾಕು.

ಕಾಕು ಮುಂದಿನ ಬಸ್ಸು ಹಿಡಿದು ಊರಿಗೆ ಬಂದರು. ಮನೆಗೆ ಬೀಗ. ಕೀಲಿ ಕಾಕಾನ ಕಿಸೆಯಲ್ಲಿ. ಇಬ್ಬರಿಗೂ ಸೇರಿ ಇದ್ದ ಒಂದೇ ಮೊಬೈಲು ಆ ಬೀಗದ ಒಳಗೇ ಇತ್ತು. ಹಿಂದಿನ ಬಸ್ಸಿನಲ್ಲೇ ಹೊರಟಿದ್ದ ಗಂಡ ತನಗಿಂತ ಮೊದಲೇ ಬರಬೇಕಿತ್ತಲ್ಲ? ಕಾಕು ಹೊತ್ತು ಮುಳುಗುವವರೆಗೆ ಮೆಟ್ಟಿಲ ಮೇಲೆ ಕೂತರು. ಗಂಡ ನಡುವೆ ತಾಳಿಕೋಟಿಯಲ್ಲಿ ಇಳಿದು ಗೆಳೆಯರ ಜೊತೆ ಹರಟೆಗೆ ಕೂತಿರಬೇಕೆಂದು ಲೆಕ್ಕ ಹಾಕಿದರು. ಕಾಕಾ ಬಂದೊಡನೆ ಓಣಿಯ ಹತ್ತು ಜನರ ಮುಂದೆ, "ಹೇಂತಿನ್ನ ಮರತ ಬಿಟ್ಟ ಬಂದು ಎಲ್ಲಿ ಚಾ ಕುಡಕೋತ ಕುಂತಿದ್ರಿ?" ಎಂದು ಕೇಳಿದರು. ಓಣಿ ಬಿದ್ದು ಬಿದ್ದು ನಕ್ಕಿತು. ಕಾಕಾ ಉತ್ತರ ಕೊಡದೆ ಬೀಗ ತೆಗೆದು ಒಳಗೆ ಹೋದರು. ಮೊದಲು ಅವರು ಮಾತಾಡಲಿ ಎಂದು ಇವರು, ಇವರು ಮಾತಾಡಲಿ ಎಂದು ಅವರು...

ನಾನು ಬಂದ ಮೂರನೆಯ ವರ್ಷದ ಬೇಸಿಗೆ ರಜೆಯ ಮೊದಲ ದಿನ, ನಾನು ಊರಿಗೆ ಹೊರಡುವ ಹೊತ್ತಿಗೆ, ಕಾಕಾ ಗಿರಣಿಯ ಮೆಟ್ಟಿಲಿನಿಂದ ಜಾರಿ ಬಿದ್ದರು. ತೊಡೆಯ ಮೇಲಿನ ಎಲುಬು ಮುರಿದಿತ್ತು. ವಿಜಯಪುರದ ಒಂದು ದವಾಖಾನೆಗೆ ಸೇರಿಸಿದೆವು. ಇಂಡಿಗೆ ಕೊಟ್ಟ ಒಬ್ಬಳೇ ಮಗಳು ಎರಡನೆಯ ಬಾಣಂತನದಲ್ಲಿದ್ದಳು. ಅಳಿಯ ಬಂದು ಆಪರೇಷನ್ ಮುಗಿಯುವವರೆಗೆ ನಿಂತು ಹೋದರು. ನಾನು ಊರಿಗೆ ಹೋಗುವುದನ್ನು ಬಿಟ್ಟು ಕಾಕುವಿನ ಜೊತೆ ಉಳಿದೆ. ನಾನಿಲ್ಲದಿದ್ದರೆ ಅಲ್ಲಿ ಅವರ ನಡುವೆ ಎಮ್ಮೆಯೂ ಇರಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ನೋವು ತಡೆಯಲು ಬಲವಾದ ಸೂಜಿ ಮಾಡಿದ್ದರು. ಮರುದಿನ ಮುಂಜಾನೆ ಕಾಕಾ ಕಣ್ಣು ಬಿಟ್ಟು ಸುತ್ತ ನೋಡಿ, ಔಷಧ ತಂದ ನರ್ಸಿಗೆ ಬಹಳ ಮರ್ಯಾದೆಯಿಂದ ಕೇಳಿದರು.

"ಎರಡ ನಾಲತವಾಡ ಕೊಡ್ರಿ."

ಬಸ್ಸಿನ ಟಿಕೇಟು ಕೇಳುತ್ತಿದ್ದಾರೆಂದು ನರ್ಸಿಗೆ ತಿಳಿಯಲಿಲ್ಲ. ಪಕ್ಕದ ಮಂಚದಲ್ಲಿ ಮೋರಟಗಿಯ ಒಬ್ಬ ರೈತರು ಮುರಿದ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದರು. ಅವರ ಕಡೆ ತಿರುಗಿ ಕಾಕಾ, "ಕೈ ಒಳಗ ತಗೋರಿ, ಎದುರಿನ ಗಾಡಿ ಬಡದೀತು" ಎಂದರು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು ಎನ್ನುವ ಮನುಷ್ಯ, ಚಾಲಕನಿಗೆ ಬುದ್ಧಿ ಹೇಳಿದರು, ರಸ್ತೆಯ ತಗ್ಗುಗಳನ್ನು ಬೈದರು, ಸಲಾಯನ್ ಬಾಟಲಿಯನ್ನು ಯಾರದೋ ಸಾಮಾನು ಎಂದು ತಿಳಿದು ಮೇಲಿಂದ ತೆಗೆಯಲು ಕೈ ಚಾಚಿದರು. ಸುತ್ತಲಿನವರು ಮುಸಿಮುಸಿ ನಗುತ್ತಿದ್ದರು. ನನಗೂ ನಗು. ಕಾಕು ಮಾತ್ರ ನನ್ನ ಕೈ ಹಿಡಿದುಕೊಂಡಿದ್ದರು.

"ಟೀಚರ್ರ, ಇವರ ತಲಿ ಹಿಂಗ ಉಳಿತೈತೇನ್ರಿ?"

ಡಾಕ್ಟರು ಬಂದು ಧೈರ್ಯ ಹೇಳಿದರು. ವಯಸ್ಸಾದವರಿಗೆ ದೊಡ್ಡ ಆಪರೇಷನ್ ಆದ ಮೇಲೆ, ಅರವಳಿಕೆ ಮತ್ತು ನೋವಿನ ಔಷಧದಿಂದ ಹೀಗಾಗುವುದುಂಟು, ಔಷಧವನ್ನು ದಿನದಿನಕ್ಕೆ ಕಡಿಮೆ ಮಾಡುತ್ತೇವೆ, ಮೂರು ನಾಲ್ಕು ದಿನದಲ್ಲಿ ಸರಿಹೋಗುತ್ತಾರೆ, ಅಲ್ಲಿಯವರೆಗೆ ಕಾಲು ಅಲುಗಾಡದಂತೆ ನೋಡಿಕೊಳ್ಳಿ ಎಂದರು.

ಆ ಮಧ್ಯಾಹ್ನವೇ ಕಾಕಾ ಎರಡೂ ಕೈ ಊರಿ ಎದ್ದು ಕೂರಲು ಹೊರಟರು. "ಗಾಡಿ ನಿಲ್ಲಸ್ರಿ! ನಮ್ಮ ಮನಿಯಾಕಿ ಹತ್ತಿಲ್ಲ! ನಾ ಇಳೀತೇನಿ!"

ಹೊಸದಾಗಿ ರಾಡು ಹಾಕಿದ ಕಾಲು. ನಾನೂ ನರ್ಸೂ ಎರಡು ಕಡೆ ಭುಜ ಹಿಡಿದೆವು. ಗಿರಣಿಯಲ್ಲಿ ಚೀಲ ಎತ್ತಿದ ಮೈ ಅದು, ನಮ್ಮ ಹಿಡಿತಕ್ಕೆ ಸಿಗಲಿಲ್ಲ. ಹೀಗೆಯೇ ಆದರೆ ಕೈಗಳನ್ನು ಮಂಚಕ್ಕೆ ಕಟ್ಟಬೇಕಾಗುತ್ತದೆ ಎಂದು ನರ್ಸು ಹೇಳಿದಳು. ಕಾಕು ಗೋಡೆಗೆ ಒರಗಿ ನಿಂತಿದ್ದವರು ಗಾಬರಿಯಲ್ಲಿ ಅಂದರು.

"ಟೀಚರ್ರ, ಅವರಿಗಿ ಹೇಳ್ರಿ, ಆಕಿ ಹತ್ತ್ಯಾಳ ಅಂತ!"

ನಾನು ಹೇಳಿದೆ. ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವೇನ ಕಂಡಕ್ಟರೇನ್ರಿ?" ಎಂದು ಮತ್ತೆ ಕಾಲು ಎಳೆಯತೊಡಗಿದರು. ನರ್ಸು ಪಟ್ಟಿ ತರಲು ತಿರುಗಿದಳು. ಆಗ ಕಾಕು ಬಂದರು. ಮಂಚದ ಅಂಚಿಗೆ ಕೂತು, ಗಂಡನ ಎದೆಯ ಮೇಲೆ ಕೈ ಇಟ್ಟು, ಒಂಬತ್ತು ವರ್ಷದ ಮೇಲೆ ಮೊದಲ ಸಲ ಅವರಿಗೇ ಹೇಳಿದರು.

"ನಾ ಹತ್ತೇನ್ರಿ. ನಿಮ್ಮ ಬಾಜೂಕ ಕುಂತೇನಿ. ಸುಮ್ಮ ಮಕ್ಕೋರಿ."

ಕಾಕಾ ಕಾಲು ಎಳೆಯುವುದನ್ನು ತಟ್ಟನೆ ಬಿಟ್ಟರು. ಬಹಳ ಹೊತ್ತು ಹೆಂಡತಿಯ ಮುಖ ನೋಡಿದರು. ಆಮೇಲೆ ಸಿಟ್ಟಿನಿಂದ ಕೇಳಿದರು.

"ಎಲ್ಲಿ ಹೋಗಿದ್ದಿ ನೀ? ಟಿಕೇಟ್ ಕೇಳಿದಾಗ ಎಚ್ಚರಾತು, ನಡು ಹಾದ್ಯಾಗ ಇಳದೆ. ಟೆಂಪೋ ಹತ್ತಿ ತಿರುಗಿ ಸಿಂದಗಿಗಿ ಬಂದು ಮೂರ ತಾಸ ಹುಡಕೇನಿ. ಹೆಣ್ಮಕ್ಕಳ ಪಾಯಖಾನಿ ಮುಂದ ನಿಂತು ಒದರಿದ್ದಕ್ಕ ಒಬ್ಬಾಕಿ ಕೈಯಾಗ ಚಪ್ಪಲಿ ತಗೊಂಡ್ಳು. ಮೈಕಿನ್ಯಾಗ ನಿನ್ನ ಹೆಸರ ನಾಕ ಸಲ ಕರಿಸೇನಿ, ಗೊತ್ತೈತೇನು?"

ಮೋರಟಗಿಯವರು ನಗು ಬಿಟ್ಟು ಎದ್ದು ಕೂತರು.

"ಮೈಕಿನ್ಯಾಗ... ನನ್ನ ಹೆಸರಾ?" ಎಂದರು ಕಾಕು.

ಮನೆಯಲ್ಲಿ ಒಮ್ಮೆಯೂ ಹೆಂಡತಿಯ ಹೆಸರು ಹಿಡಿದು ಕರೆಯದ ಮನುಷ್ಯ. ಆ ಹೆಸರು ಸಿಂದಗಿಯ ಬಸ್ ನಿಲ್ದಾಣದಲ್ಲಿ ನಾಲ್ಕು ಸಲ ಮೊಳಗಿದಾಗ ಕಾಕು ಮುಂದಿನ ಬಸ್ಸಿನಲ್ಲಿ ಗಂಡನನ್ನು ಬೈಯುತ್ತ ಊರ ಹಾದಿ ಹಿಡಿದಿದ್ದರು. ಕಾಕು ಸೆರಗು ಬಾಯಿಗೆ ಒತ್ತಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ಗೊತ್ತಾಗಲಿಲ್ಲ.

ಆಮೇಲಿನ ಮೂರು ದಿನ ಆ ವಾರ್ಡು ಪೂರಾ ಬಸ್ಸೇ ಆಗಿತ್ತು. ಕಾಕು ಪಕ್ಕದಲ್ಲಿ ಇದ್ದರೆ ಕಾಕಾ ನಿಶ್ಚಿಂತೆಯಿಂದ ಹರಟೆ ಹೊಡೆಯುತ್ತಿದ್ದರು. ಎದ್ದು ಹೋದರೆ ಗಾಡಿ ನಿಲ್ಲಿಸಲು ಕೂಗುತ್ತಿದ್ದರು. ಮೋರಟಗಿಯವರು ಇದಕ್ಕೊಂದು ಉಪಾಯ ಕಂಡುಕೊಂಡರು. ಕಾಕು ಚಹಾ ತರಲು ಹೊರಟರೆ ಅವರು ಪ್ಲಾಸ್ಟರಿನ ಕೈ ಎತ್ತಿ "ಹೋಲ್ಡಾನ್!" ಅನ್ನುತ್ತಿದ್ದರು. ಬಸ್ಸು ನಿಂತಿತೆಂದು ಕಾಕಾಗೆ ಸಮಾಧಾನ. ಕಾಕು ಬಂದು ಕೂತ ಕೂಡಲೇ "ರೈಟ್!" ನರ್ಸುಗಳೂ ಇದನ್ನು ಕಲಿತರು. ದೊಡ್ಡ ಡಾಕ್ಟರು ರೌಂಡಿಗೆ ಬಂದಾಗ "ಚೆಕಿಂಗ್ ಬಂತು" ಎಂದು ಕಾಕಾ ಕಿಸೆ ತಡಕಾಡಿದರು.

ಕಾಕುವಿನ ಮುಖದಲ್ಲಿ ಮಾತ್ರ ದಿನದಿನಕ್ಕೆ ಹೊಳಪು ಏರಿತು. "ಮಾತ ಬಿಟ್ಟಿದ್ರಲ್ರಿ ಕಾಕು?" ಎಂದು ನಾನು ಚೇಷ್ಟೆ ಮಾಡಿದೆ.

"ಇದು ಮಾತಾಡಿದಂಗಲ್ರಿ" ಎಂದರು ಬಹಳ ಗಂಭೀರವಾಗಿ. "ಔಷಧ ಕುಡಿಸಿದಂಗ."

ಮೂರನೆಯ ದಿನ ಅವರು ಡಾಕ್ಟರನ್ನು ಬಾಗಿಲ ಹತ್ತಿರ ನಿಲ್ಲಿಸಿ ಮೆಲ್ಲಗೆ ಏನೋ ಕೇಳುವುದು ಕಂಡಿತು. ಹತ್ತಿರ ಹೋದೆ. "ಆ ಸೂಜಿ ಇನ್ನೊಂದ ನಾಕ ದಿನ ಮಾಡ್ರಲ್ಲಾ ಸಾಹೇಬ್ರ" ಅನ್ನುತ್ತಿದ್ದರು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಎಲ್ಲಾರೂ ಇದ ಯಾವಾಗ ಹೋಗತೈತಿ ಅಂತ ಕೇಳ್ತಾರವ್ವಾ, ಇರಲಿ ಅಂದಾಕಿ ನೀವ ಒಬ್ಬಾಕಿ" ಎಂದು ನಗುತ್ತ ಹೋದರು. ಕಾಕು ನಗಲಿಲ್ಲ. ಔಷಧ ಇಳಿದ ಹಾಗೆ ಮಾತೂ ಇಳಿದು ಹೋದರೆ ಎಂಬ ಭಯ ಅವರಿಗೆ. ನಿಜ ಹೇಳಬೇಕೆಂದರೆ ನನಗೂ.

ಐದನೆಯ ದಿನ ಬೆಳಿಗ್ಗೆ ಕಾಕಾ ಎದ್ದರು. ಕಣ್ಣು ತಿಳಿಯಾಗಿತ್ತು. ಮಂಚ ನೋಡಿದರು, ಕಾಲು ನೋಡಿದರು, ಮಗ್ಗುಲಲ್ಲಿ ಆಸೆಯಿಂದ ಬಾಗಿ ಕೂತ ಹೆಂಡತಿಯನ್ನೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಟೀಚರ್ರ, ಆಕಿಗಿ ಹೇಳ್ರಿ, ಚಾ ಬೇಕಾಗಿತ್ತು."

ಮೋರಟಗಿಯವರು ಹಣೆ ಹಣೆ ಬಡಿದುಕೊಂಡರು. ಕಾಕು ಎದ್ದು ಹೋಗಿ ಚಹಾ ತಂದರು. ನಾನು ಕೈ ಚಾಚಿದೆ, ನನಗೆ ಕೊಡಲಿಲ್ಲ. ಬಟ್ಟಲು ಗಂಡನ ಕೈಗೇ ಹಿಡಿಸಿದರು.

"ಮೂರ ತಾಸ ಹುಡಕಿದ್ದು ನನಗ್ಯಾಕ ಹೇಳಲಿಲ್ಲ?"

ಕಾಕಾ ತುಟಿಗೆ ಒಯ್ದ ಬಟ್ಟಲು ಕೆಳಗಿಳಿಸಿದರು. ಅವರು ನನ್ನನ್ನೇ ನೋಡಿ, "ಇದನ್ನ ಯಾರ ಹೇಳಿದ್ರು?" ಎಂದರು.

"ನೀವ ಹೇಳೀರಿ ಯಜಮಾನ್ರ" ಎಂದರು ಮೋರಟಗಿಯವರು. "ಇಡೀ ವಾರ್ಡಿಗಿ. ಪಾಯಖಾನಿ ಸುದ್ದಿ ಸೈತ."

ಕಾಕಾ ಬಟ್ಟಲು ಪಕ್ಕಕ್ಕಿಟ್ಟು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡರು. ಒಳಗಿನಿಂದ ದನಿ ಬಂತು. "ಓಣಿ ಮಂದಿ ಎಲ್ಲಾ ನಕ್ಕರು. ಅದರಾಗ ಏನ ಹೇಳ್ಲಿ ಅಂತ... ಆಕಿಗಿ ಹೇಳ್ರಿ ಟೀಚರ್ರ..."

"ನಾ ಇಲ್ಲೇ ಅದೇನಿ" ಎಂದರು ಕಾಕು. "ನನಗ ಹೇಳ್ರಿ."

ನಾನು ಬಾಯಿ ಬಿಗಿಹಿಡಿದು ಕೂತೆ. ಹೊದಿಕೆ ಮೆಲ್ಲಗೆ ಸರಿಯಿತು. ಕಾಕಾ ಎದ್ದು ಒರಗಿ, ಬಟ್ಟಲು ತೆಗೆದುಕೊಂಡು ಒಂದು ಗುಟುಕು ಕುಡಿದರು. ಹೆಂಡತಿಯ ಕಡೆ ನೋಡಿದರು.

"ಸಕ್ರಿ ಕಡಿಮಿ ಆಗೇತಿ ನೋಡ."

ಅವರು ಪೂರ್ತಿ ಎಚ್ಚರದಲ್ಲಿ ಒಂಬತ್ತು ವರ್ಷದ ಮೇಲೆ ಹೆಂಡತಿಗೆ ಆಡಿದ ಮೊದಲ ಮಾತು ಅದು. ಕಡಿಮೆ ಸಕ್ಕರೆಗೆ ಯಾರೂ ಇಷ್ಟು ಅತ್ತಿರಲಿಕ್ಕಿಲ್ಲ ಎನ್ನುವಷ್ಟು ಕಾಕು ಅತ್ತರು.

ಊರಿಗೆ ಬಂದ ಮೇಲೆ ನನ್ನ ಎರಡನೆಯ ನೌಕರಿ ಹೋಯಿತು. ಆ ಮನೆಯಲ್ಲಿ ಮಾತು ಶುರುವಾದದ್ದೇ ತಡ, ಜಗಳ ಶುರುವಾಯಿತು. ಉಪ್ಪಿಗೆ ಜಗಳ, ಕಿಟಕಿ ತೆರೆದದ್ದಕ್ಕೆ ಜಗಳ, ಒಂಬತ್ತು ವರ್ಷದ ಹಿಂದಿನ ಮದುವೆಯಲ್ಲಿ ಬಡಿಸಿದ್ದು ಬೂಂದಿಯೋ ಮೋತಿಚೂರೋ ಎಂಬುದಕ್ಕೂ ಜಗಳ. ಆ ಗದ್ದಲದಲ್ಲಿ ಮಕ್ಕಳ ಪೇಪರು ತಿದ್ದಲಾಗದೆ ನಾನು ಶಾಲೆಗೆ ಓಡಿಹೋಗುತ್ತಿದ್ದೆ. ಮುಂದಿನ ವರ್ಷ ನನಗೆ ವರ್ಗವಾಯಿತು. ಕೆಲವು ಕಾಲ ಫೋನು ಮಾಡುತ್ತಿದ್ದೆ. ಆಮೇಲೆ ಅದು ತಿಂಗಳಿಗೊಮ್ಮೆ, ಹಬ್ಬಕ್ಕೊಮ್ಮೆ... ಆಮೇಲೆ ನಿಂತೇ ಹೋಯಿತು.

ಕಾಕಾ ಹೋದ ವರ್ಷ ತೀರಿಕೊಂಡರು. ನನಗೆ ಸುದ್ದಿ ಮುಟ್ಟಿದ್ದು ಎರಡು ತಿಂಗಳ ಮೇಲೆ, ಯಾರದೋ ಬಾಯಿಂದ. ಅಷ್ಟು ತಡವಾಗಿ ಯಾವ ಮುಖ ಹೊತ್ತು ಹೋಗಲಿ ಎಂದು ಹೋಗಲೇ ಇಲ್ಲ. ಮೊನ್ನೆ ಹಿಟ್ಟಿನ ಚೀಲದ ಮುಂದೆ ಕೂತಾಗ ಆ ನಾಚಿಕೆಯೇ ನನ್ನನ್ನು ಎಬ್ಬಿಸಿತು. ಮರು ರವಿವಾರ ಇಂಡಿಯ ಬಸ್ಸು ಹತ್ತಿದೆ. ಕಾಕು ಈಗ ಅಲ್ಲಿ ಮಗಳ ಮನೆಯಲ್ಲಿದ್ದಾರೆ, ಮೊಮ್ಮಕ್ಕಳ ಗಲಾಟೆಯ ನಡುವೆ. ನನ್ನನ್ನು ಕಂಡು ತಡವಾದದ್ದಕ್ಕೆ ಬೈದರು. ಆಮೇಲೆ ಅಡುಗೆಮನೆಯಲ್ಲಿ ಕೂರಿಸಿಕೊಂಡು ರೊಟ್ಟಿ ಬಡಿಯತೊಡಗಿದರು.

ಏನು ಕೇಳಬೇಕೋ ತಿಳಿಯದೆ, ಆ ಒಂಬತ್ತು ವರ್ಷ ಸುಮ್ಮನಿದ್ದದ್ದಕ್ಕೆ ಈಗ ದುಃಖವಾಗುತ್ತದೆಯೇ ಎಂದು ಕೇಳಿದೆ. ಕಾಕು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು.

"ಅದಕ್ಕಲ್ರಿ. ಆಮ್ಯಾಲ ಆರ ವರ್ಷ ದಿನಾ ಜಗಳಾಡೇವಲ್ಲ, ಆ ಒಂಬತ್ತ ವರ್ಷದ ಮಾತೂ ಅದರಾಗ ಆಡಿ ಮುಗಿಸೇವಿ ಅಂತ ತಿಳಕೊಂಡಿದ್ದೆ... ಇನ್ನೂ ಭಾಳ ಉಳದಾವ ನೋಡ್ರಿ."

ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು. ಹೊಟ್ಟೆ ತುಂಬಿತ್ತು. ಬೇಡ ಅನ್ನಲಿಲ್ಲ, ಮುರಿದು ತಿಂದೆ.