ಮಿಸ್ತ್ರಿಯ ತಂತಿಗೆ ನಾನು ಕೊಟ್ಟ ಮೇಣ

ಇಮಾಮಸಾಬ ಮಿಸ್ತ್ರಿಯ ರೇಡಿಯೋ ತಂತಿಗೆ ಬಳಿಯಲೆಂದು ನಾನು ಕೊಟ್ಟ ಜೇನುಮೇಣದಲ್ಲಿ ಕುರಿಕೊಬ್ಬು ಬೆರೆತಿತ್ತು — ಬೆರೆಸಿದವನು ನಾನೇ. ಬೆಲೆ ತೆತ್ತವರು ಅವರು: ತಮ್ಮ ಕೈಯ ಮೇಲೆ ಅವರಿಗಿದ್ದ ನಂಬಿಗೆ ಹೋಯಿತು. ಲಾಭಕ್ಕೆಂದು ಬೆರೆಸಿದ್ದಲ್ಲ. ಆ ವರ್ಷ ಜೋಯಿಡಾ ಕಾಡಿನಿಂದ ಮೇಣ ಕಡಿಮೆ ಬಂದಿತ್ತು. ಹಳಿಯಾಳದ ಪೇಟೆಯಲ್ಲಿ ಬರಿಗೈಯಿಂದ ಅಂಗಡಿ ಕಟ್ಟಿದ ನನಗೆ ಗಿರಾಕಿಯ ಎದುರು 'ಇಲ್ಲ' ಎನ್ನುವುದು ಅವಮಾನ — ಅಷ್ಟೇ.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ಮಿಸ್ತ್ರಿ ದಾಂಡೇಲಿಯ ಕಟ್ಟಿಗೆ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದರು. ಸರಕಾರದ ಪರವಾನಗಿ ಪಡೆದು ಮನೆಯಲ್ಲೇ ಸಂದೇಶ ಕಳಿಸುವ ರೇಡಿಯೋ ಯಂತ್ರ ಕಟ್ಟಿದ್ದರು. ಶುಕ್ರವಾರದ ನಮಾಜು ಮುಗಿಸಿ ಬಂದು, ಕೊಲಂಬೋದ ಒಬ್ಬ ಗೆಳೆಯನೊಡನೆ — ಮುಖವನ್ನೇ ಕಾಣದ ಗೆಳೆಯ — ತಾರಿನ ಕಟ್ಟಕಡ ಸಂಕೇತದಲ್ಲಿ, ಮೋರ್ಸಿನಲ್ಲಿ, ಮಾತಾಡುತ್ತಿದ್ದರು.

ಅವರ ತಂತಿಯನ್ನು ನೀವು ನೋಡಬೇಕಿತ್ತು. ಒಂದು ತುದಿ ಮನೆಯ ಬಿದಿರುಗಳುವಿಗೆ, ಇನ್ನೊಂದು ಹಿತ್ತಲ ಸಾಗುವಾನಿಗೆ. ಮರದ ಕಡೆಯ ಹಗ್ಗವನ್ನು ಬಿಗಿದು ಕಟ್ಟದೆ ರಾಟೆಯ ಮೇಲೆ ಹಾಯಿಸಿ, ಕಾಳಿ ಹೊಳೆಯ ಕಲ್ಲೊಂದನ್ನು ತೂಗಬಿಟ್ಟಿದ್ದರು. ಗಾಳಿಗೆ ಮರ ತೂಗಿದರೆ ಕಲ್ಲು ಏರಿ ಇಳಿಯುತ್ತಿತ್ತು, ತಂತಿ ಹರಿಯುತ್ತಿರಲಿಲ್ಲ. ಮುಂಗಾರಿನ ಮಿರಗದ ಮಳೆಗೆ ಮೊದಲು ಎಲ್ಲವನ್ನೂ ಇಳಿಸಿ, ತಂತಿಯ ತುದಿಗಳ ಪಿಂಗಾಣಿ ಗುಂಡುಗಳನ್ನು ಬೂದಿಯಿಂದ ಬೆಳಗಿ, ನೀರು ಇಳಿಯದಂತೆ ಬೆಸುಗೆಯ ಮೇಲೆ ರಾಳ, ಮೇಣ ಕರಗಿಸಿ ಬಳಿಯುತ್ತಿದ್ದರು. ತಾಯಿ ಕೂಸಿಗೆ ಎಣ್ಣೆ ಹಚ್ಚಿದ ಹಾಗೆ!

"ಹಳಿಯಾಳದಾಗ ಗಾಳಿನೂ ತೂಗಿ ಮಾರಾಂವ ನೀ," ಎಂದು ನನ್ನನ್ನು ಚುಡಾಯಿಸುತ್ತಿದ್ದರು. ಆದರೂ ನಾನು ಕೊಟ್ಟ ಮೇಣವನ್ನು ಮೂಸಿ ಕೂಡ ನೋಡಲಿಲ್ಲ.

ಆಷಾಢದಲ್ಲಿ ಇವರ ಸದ್ದು ಕೊಲಂಬೋದಲ್ಲಿ ಸಣ್ಣಗಾಗುತ್ತ ಬಂತಂತೆ. ಒಂದು ಶುಕ್ರವಾರ ಏನೂ ಮುಟ್ಟಲಿಲ್ಲ. ಮಳೆ ಹೊಳವಾದ ಮಧ್ಯಾಹ್ನ ತಂತಿ ಇಳಿಸಿದರು — ನಾನೂ ಅಲ್ಲಿದ್ದೆ. ಬೆಸುಗೆ ಬಿಟ್ಟಿತ್ತು, ತಾಮ್ರ ಹಸಿರುಗಟ್ಟಿತ್ತು. ಕೊಬ್ಬು ತಾಮ್ರವನ್ನು ತಿನ್ನುತ್ತದೆ. ಹಂಡೆ-ಕೊಡ ಮಾರುವ ನನಗೆ ಅದು ನೋಡಿದ ಕೂಡಲೇ ತಿಳಿಯಿತು.

"ಮೇಣದ್ದೇನ್ ತಪ್ಪಿಲ್ಲ, ಗುರಪ್ಪಾ. ನನ್ನ ಕೈನ ಕೆಟ್ಟೈತಿ. ಬೆಸಗಿ ಕೂತಿಲ್ಲ ನೋಡು," ಎಂದರು ಮಿಸ್ತ್ರಿ.

ಆಗ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು — ಆದರೆ ಬಾಯಿಂದ ಹೊರಟದ್ದು ಬೇರೆ.

"ವಯಸ್ಸಾತಲ್ರೀ, ಮಿಸ್ತ್ರಿ."

"ಹೌದ್ ಬಿಡು," ಎಂದು ನಕ್ಕರು.

ಮರುದಿನದಿಂದ ಗಿರಣಿಯ ಬೆಸುಗೆ ಕೆಲಸವನ್ನೂ ಬೇರೆಯವರಿಗೆ ಬಿಟ್ಟುಕೊಟ್ಟರು. ತಂತಿ ಮತ್ತೆ ಮೇಲೇರಲಿಲ್ಲ. ಯುದ್ಧ ಶುರುವಾಗಿ, ಖಾಸಗಿ ಯಂತ್ರಗಳನ್ನು ಒಪ್ಪಿಸಬೇಕೆಂದು ಹುಕುಂ ಬಂದಾಗ, ಧೂಳು ಒರೆಸಿ, ಹೊಸ ಬಟ್ಟೆಯಲ್ಲಿ ಸುತ್ತಿ ಒಪ್ಪಿಸಿ ಬಂದರು. ಕೆಲವು ವರ್ಷಕ್ಕೆ ತೀರಿಕೊಂಡರು — ತಮ್ಮ ಕೈ ಕೆಟ್ಟಿತೆಂದೇ ನಂಬಿಕೊಂಡು. ಅಂಥ ಕೈಯನ್ನು ನಾನು ಈ ಸೀಮೆಯಲ್ಲಿ ಇನ್ನೊಂದು ಕಂಡಿಲ್ಲ. ಅವರಿಗೆ ಇದನ್ನು ಒಮ್ಮೆಯಾದರೂ —

ಮನೆಯ ಮೇಲೆ ತಂತಿ ಕಟ್ಟುವವರೇ, ಒಂದೆರಡು ಮಾತು ಕೇಳಿ. ಮೇಣವನ್ನು ಉಗುರಿನಿಂದ ಕೆರೆದು ಬೆರಳಲ್ಲಿ ತಿಕ್ಕಿ ನೋಡಿ. ಜಿಡ್ಡು ಉಳಿದರೆ ಕೊಳ್ಳಬೇಡಿ, ಅಂಗಡಿಯವನು ಎಷ್ಟು ಆಣೆ-ಪ್ರಮಾಣ ಮಾಡಿದರೂ. ಒಳಗೆ ಬರುವ ತಂತಿಯನ್ನು ಕಿಟಕಿಗಿಂತ ಒಂದು ಗೇಣು ಕೆಳಗೆ ಜೋತುಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ. ಇನ್ನು ನೀವು ಸಾಮಾನು ಕೊಡುವವರಾದರೆ — ಕೆಟ್ಟ ತಂತಿ ಇಳಿಸುವಾಗ ದೂರ ನಿಲ್ಲಬೇಡಿ. ಕೆಲಸದವನು ತನ್ನ ಕೈ ನೋಡಿಕೊಳ್ಳುವ ಮೊದಲೇ ನಿಮ್ಮ ತಪ್ಪು ಹೇಳಿಬಿಡಿ.