ಕಿಂಡಿಯ ಆಚೆ ನಿಂತವರು

ತುಪ್ಪಳದ ವ್ಯಾಪಾರಕ್ಕೆ ಹೋದ ಹಡಗೊಂದರ ಜನ ಅಮೆರಿಕದ ದೂರದ ಪಶ್ಚಿಮ ಕರಾವಳಿಯಲ್ಲಿ ಚಳಿಗಾಲ ಕಳೆಯಲು ಮರದ ಕೋಟೆ ಕಟ್ಟಿಕೊಂಡಿದ್ದರಂತೆ. ಅದರ ಮಾದರಿ ಇಲ್ಲಿ, ಫೋರ್ಟ್ ಲೀ ಹತ್ತಿರದ ಪುಟ್ಟ ಮ್ಯೂಸಿಯಂ ಒಂದರ ಅಂಗಳದಲ್ಲಿದೆ. ದಿಮ್ಮಿಗಳ ಗೋಡೆಯಲ್ಲಿ ಬಂದೂಕಿನ ನಳಿಗೆಗೆಂದು ಕಿಂಡಿಗಳನ್ನು ಕೊರೆದಿದ್ದಾರೆ. ಅವು ಸಮುದ್ರದ ಕಡೆಗಿರಲಿಲ್ಲವಂತೆ; ಅಲ್ಲಿಯ ಜನ ಇವರಿಗೆ ಮೀನು ತಂದುಕೊಡುತ್ತಿದ್ದ ಕಾಲುದಾರಿಯ ಕಡೆಗೇ ಇದ್ದವಂತೆ.

"ಪಾಪ, ಹಡಗಿನವರು ಹೆದರಿದ್ದರು," ಎಂದರು ವಯಸ್ಸಾದ ಗೈಡ್.

ಕಿಂಡಿಗೆ ಕಣ್ಣಿಟ್ಟಿದ್ದ ಗೆಳೆಯ ಶ್ರೀಧರ ಹಿಂದೆ ಸರಿದ. ಕಂಪ್ಯೂಟರುಗಳನ್ನು ಹೊಸ ಶತಮಾನದ ತಾರೀಕಿಗೆ ಸಜ್ಜುಮಾಡುವ ವೈಟೂಕೆ ಕೆಲಸಕ್ಕೆಂದು ಬಂದು, ಈಸ್ಟ್ ಬ್ರನ್ಸ್‌ವಿಕ್‌ನ ಅಪಾರ್ಟ್‌ಮೆಂಟಿನಲ್ಲಿ ಇನ್ನೂ ನಾಲ್ವರ ಜೊತೆ ಇರುವವನು ಅವನು.

"ನಾವು ಬಂದ ವಾರ ಪಕ್ಕದ ಮನೆ ಅಜ್ಜಿ ಕೇಕ್ ಮಾಡ್ಕೊಂಡು ಬಂದು ಬಾಗಿಲು ತಟ್ಟಿದ್ರು ಕಣೋ. ಮೊಟ್ಟೆ ಹಾಕಿರ್ತಾರೆ, ಬೇಡ ಅಂದ್ರೆ ಬೇಜಾರು ಮಾಡ್ಕೋತಾರೆ ಅಂತ ಬಾಗಿಲೇ ತೆಗೀಲಿಲ್ಲ. ಐದೂ ಜನ ಒಬ್ಬೊಬ್ರಾಗಿ ಬಾಗಿಲಲ್ಲಿರೋ ಗಾಜಿನ ಕಿಂಡೀಲಿ, ಪೀಪ್‌ಹೋಲ್‌ನಲ್ಲಿ ನೋಡಿದ್ವಿ. ಸ್ನೋ ಬೀಳ್ತಿತ್ತು. ತುಂಬಾ ಹೊತ್ತು ನಿಂತಿದ್ರು."

"ಆಮೇಲೆ ಮಾತಾಡ್ಸಿದ್ಯಾ?"

"ಯಾವ ಮುಖ ಇಟ್ಕೊಂಡು ಮಾತಾಡ್ಸಲಿ?"

ಸಂಜೆ ವಾಪಸಾದ ಮೇಲೆ, ನಾನು ಊರಿನಿಂದ ತಂದುಕೊಟ್ಟಿದ್ದ ಚಕ್ಕುಲಿ ಡಬ್ಬ ಹಿಡಿದುಕೊಂಡು ಅವನು ಅಜ್ಜಿಯ ಬಾಗಿಲು ತಟ್ಟಿದ. ನಾನು ಹಿಂದೆ ನಿಂತೆ. ಒಳಗೆ ಟಿವಿಯ ಸದ್ದು ನಿಂತಿತು. ನಿಧಾನವಾದ ಹೆಜ್ಜೆಗಳು ಬಾಗಿಲವರೆಗೆ ಬಂದವು. ಪೀಪ್‌ಹೋಲಿನ ಪುಟ್ಟ ಗಾಜು ಕಪ್ಪಾಯಿತು. ಬಾಗಿಲು ಮಾತ್ರ ತೆರೆಯಲಿಲ್ಲ.

ಶ್ರೀಧರ ಡಬ್ಬದ ಮುಚ್ಚಳ ತೆಗೆದು, ಎರಡೂ ಕೈಯಲ್ಲಿ ಎತ್ತಿ ಆ ಗಾಜಿಗೆ ಕಾಣುವಂತೆ ಹಿಡಿದು ನಿಂತ.